ಅಲೆಕ್ ರೆನಿಯ ಪದಕ

ಸರಪಳಿ ಇತ್ತು. ಪದಕ ಇರಲಿಲ್ಲ.

ಅಮೆರಿಕದ ಮುಕಿಲ್ಟಿಯೊ ಊರಿನ ಆ ಮನೆಯಲ್ಲಿ ಅದನ್ನು ಮೊದಲು ಕಂಡವನು ಉದಯ್ — ತಾಯಿ ಶಾಮಲಾಳ ದಹನ ಮುಗಿಸಿ ಬಂದವನು. ಸಂಜೆಯೊಳಗೆ, ಶಾಮಲಾಳನ್ನು ನೋಡಿಕೊಳ್ಳುತ್ತಿದ್ದ ಪೂರ್ಣಿಮಾಳ ಮೇಲೆ ದೂರು ಹೋಯಿತು. ಅವಳನ್ನು ಕಳಿಸಿದ್ದ ಏಜೆನ್ಸಿ ಕೆಲಸದಿಂದ ನಿಲ್ಲಿಸಿತು.

ಮರುದಿನ ವಿಮಾ ಕಂಪನಿಯ ತನಿಖೆಗಾರ್ತಿ ಗ್ರೀಷ್ಮಾ ಬಂದಳು. ಪೂರ್ಣಿಮಾಳನ್ನೂ ಕರೆಸಿದಳು.

"ಪದಕ ಯಾರದು?"

"ಅಪ್ಪನ ತಾತ ಅಲೆಕ್ ರೆನಿಯದು," ಎಂದ ಉದಯ್. "ಗ್ಲಾಸ್ಗೋದಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡ್ತಿದ್ದ. ಹಾಫ್‌ಬ್ಯಾಕ್. ಅಷ್ಟು ವರ್ಷ ಆಡಿ ಗೆದ್ದದ್ದು ಒಂದೇ ಕಪ್, ಅದರದ್ದೇ ಈ ಪದಕ. ಆಮೇಲೆ ಮಂಡಿ ಮುರೀತು, ಕ್ಲಬ್ ಕೈಬಿಡ್ತು. ಇಲ್ಲೇ ಪಕ್ಕದ ಎವರೆಟ್ ಊರಿಗೆ ಬಂದು ಮರದ ಮಿಲ್ ಸೇರಿದ. ಆ ಪದಕ ಗ್ಲಾಸ್ಗೋದ ಮ್ಯೂಸಿಯಂಗೆ ಹೋಗಬೇಕಿತ್ತು. ನಾನೇ ಮಾತು ಕೊಟ್ಟಿದ್ದೆ."

ಗ್ರೀಷ್ಮಾ ಪೂರ್ಣಿಮಾಳ ಕಡೆ ತಿರುಗಿದಳು. "ನೀವು ತಗೊಂಡ್ರಾ?"

"ಅಮ್ಮನ ಚಿನ್ನದ ಬಳೆ ದಿನಾ ನಾನೇ ಬಿಚ್ಚಿಡ್ತಿದ್ದೆ ಮೇಡಂ," ಪೂರ್ಣಿಮಾ ಸಿಡುಕಿದಳು. "ಕದಿಯೋಳು ಅದನ್ನ ಬಿಟ್ಟು ಉಗುರಿನಷ್ಟು ಚಿನ್ನ ಕದೀತೀನಾ?"

"ಉಗುರಿನಷ್ಟಾ? ಪದಕ ಅಷ್ಟು ಚಿಕ್ಕದಾ?"

"ಆ ಕಾಲದಲ್ಲಿ ಪದಕ ಕೊರಳಿಗೆ ಹಾಕ್ತಿರಲಿಲ್ಲ," ಕಿಟಕಿಯ ಬಳಿ ಕೂತಿದ್ದ ಮುದುಕ, ಉದಯ್‌ನ ತಂದೆ ಹ್ಯಾಮಿಷ್ ಹೇಳಿದರು. "ಗಡಿಯಾರದ ಸರಪಳಿಗೆ ತೂಗುಹಾಕೋದು."

"ಈ ಸರಪಳಿ?"

"ಅದೂ ಚಿನ್ನವೇ," ಎಂದ ಉದಯ್. "ಪದಕಕ್ಕಿಂತ ಭಾರ."

ಗ್ರೀಷ್ಮಾ ಅದನ್ನು ಅಂಗೈಯಲ್ಲಿ ತೂಗಿದಳು. ಕೊನೆಯ ಕೊಂಡಿಯನ್ನು ಇಕ್ಕಳದಿಂದ ನಾಜೂಕಾಗಿ ಬಿಡಿಸಲಾಗಿತ್ತು.

"ಸರ್, ಶಾಮಲಾ ಅವರ ತಾಯಿ ತೀರಿಕೊಂಡಾಗ ನೀವೂ ಊರಿಗೆ ಹೋಗಿದ್ರಾ?"

"ಮೈಸೂರಿಗೆ ಹೋಗಿದ್ದೆ."

"ಶಾಮಲಾ ಅವರು ತಾಯಿಯ ಬಾಯಿಗೆ ಏನು ಹಾಕಿದ್ರು?"

ಹ್ಯಾಮಿಷ್ ಕಿಟಕಿಯತ್ತ ಮುಖ ತಿರುಗಿಸಿದರು. ಗ್ರೀಷ್ಮಾ ಉದಯ್ ಕಡೆ ನೋಡಿದಳು.

"ಹೋದದ್ದನ್ನೇ ನೋಡಿದಿರಿ ಉದಯ್. ಉಳಿದದ್ದನ್ನು ನೋಡಲಿಲ್ಲ. ಇಷ್ಟು ಭಾರದ ಸರಪಳಿಯನ್ನ ಯಾವ ಕಳ್ಳ ಬಿಡ್ತಾನೆ? ನಮ್ಮಲ್ಲಿ ಸತ್ತವರ ಬಾಯಿಗೆ ಒಂದು ಚೂರು ಚಿನ್ನ ಹಾಕ್ತಾರೆ. ಯಾರಿಗೋ ಅಷ್ಟೇ ಬೇಕಿತ್ತು. ಈ ಪದ್ಧತಿ ನಿಮಗೆ ಗೊತ್ತಿಲ್ಲ — ನಿಮ್ಮ ತಂದೆಗೆ ಗೊತ್ತು."

"ಅಪ್ಪಾ?"

"ಬಳೆ ಅವಳದೇ," ಎಂದರು ಹ್ಯಾಮಿಷ್. "ನಾನು ನನ್ನದೇನಾದರೂ ಕೊಡಬೇಕಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಮ್ಯೂಸಿಯಂನವರಿಗೆ ಮಾತು ಕೊಟ್ಟಿದ್ದೆ. ಪದಕ ಆಗಲೇ ಅವಳ ಜೊತೆ ಬೆಂಕಿಗೆ ಹೋಗಿತ್ತು. ಹೇಗೆ ಹೇಳಲಿ?"

ಉದಯ್ ಏಜೆನ್ಸಿಗೆ ಕಾಲ್ ಮಾಡಲು ಫೋನ್ ತೆಗೆದ. ಪೂರ್ಣಿಮಾ ಕಾಯಲಿಲ್ಲ. ಬ್ಯಾಗು ಹೆಗಲಿಗೇರಿಸಿ ಹ್ಯಾಮಿಷ್ ಎದುರು ನಿಂತು ಕನ್ನಡದಲ್ಲೇ ಕೇಳಿದಳು. ಅವರಿಗೆ ಅರ್ಥವಾಗುತ್ತಿತ್ತು.

"ಅಮ್ಮನ ಬಾಯಿಗೆ ಚಿನ್ನ ಹಾಕಿದ್ರಿ ಸರ್, ಒಳ್ಳೇದೇ ಮಾಡಿದ್ರಿ. ನನ್ನನ್ನ ಕಳ್ಳಿ ಅಂದಾಗ ನಿಮ್ಮ ಬಾಯಿಗೆ ಏನಾಗಿತ್ತು?"