ಟೊಳ್ಳು ಕುರ್ಚಿ

ಫೋರ್ಕ್‌ಲಿಫ್ಟ್ ನೇರ ನನ್ನ ಮೇಲೆಯೇ ಬರುತ್ತಿತ್ತು!

ಪಕ್ಕಕ್ಕೆ ಹಾರಿದೆ. ಅದರ ಕಬ್ಬಿಣದ ಕೈಗಳು ನನ್ನ ಹಿಂದಿದ್ದ ಪೆಟ್ಟಿಗೆಯನ್ನು ಸೀಳಿ ಅಲ್ಲೇ ಸಿಕ್ಕಿಕೊಂಡವು.

ಓಡಿಸುತ್ತಿದ್ದವನು ಡೋಲ್ಫಿ. ನನ್ನ ಮಗಳು ರಿಯೋನಾಳ ಗಾಡ್‌ಫಾದರ್, ಅವಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಸಬ್ಹಾನ್ ಕೈಗಾರಿಕಾ ಪ್ರದೇಶದ ಈ ಗೋದಾಮಿನಲ್ಲಿ ಅವನಿಗೆ ಕೆಲಸ ಕೊಡಿಸಿದವನೂ ನಾನೇ.

ನಾನು ಎಡ್ವರ್ಡ್. ಕುವೈತಿನ ಶ್ರೀಮಂತರಿಗೆ ಹಳೇ ಸಾಮಾನು ತರಿಸಿ ಕೊಡುವುದು ನನ್ನ ಕಸುಬು. ನನ್ನ ಕಫೀಲ್, ಅಂದರೆ ನನ್ನ ವೀಸಾಕ್ಕೆ ಜವಾಬ್ದಾರನಾದ ಕುವೈತಿ ಧಣಿ, ಲಂಡನ್ನಿನಿಂದ ಆರು ಕುರ್ಚಿ ತರಿಸಿದ್ದ. ಇನ್ನೂರು ವರ್ಷ ಹಳೆಯವು. ಗಟ್ಟಿ ಮರದಲ್ಲಿ ಗೆಣ್ಣು ಕೆತ್ತಿ, ಬಿದಿರಿನಂತೆ ಕಾಣಲು ಬಣ್ಣ ಬಳಿದದ್ದು. ಇಂಗ್ಲಿಷರ ಶೋಕಿ!

ಕಸ್ಟಮ್ಸಿನಲ್ಲಿ ಸಹಿ ಹಾಕಿ ಬಿಡಿಸಿಕೊಂಡವನು ನಾನು. ಇವತ್ತು ಸಂಜೆಯೊಳಗೆ ಅವು ಕಫೀಲನ ಮನೆ ಸೇರದಿದ್ದರೆ ನನ್ನ ಮೇಲೆ ಕಳ್ಳತನದ ಕೇಸು. ಇಕಾಮಾ, ಇಲ್ಲಿ ಇರುವ ಪರವಾನಗಿ, ಖಲಾಸ್. ಆಮೇಲೆ ಜೈಲು.

ಅರ್ಧ ಗಂಟೆ ಹಿಂದೆ ಪೆಟ್ಟಿಗೆ ತೆರೆದು ಒಂದು ಕುರ್ಚಿ ಎತ್ತಿದೆ... ಹಗುರ. ಬೆರಳಿನಿಂದ ತಟ್ಟಿದೆ. ಟೊಳ್ಳು.

ಅಸಲಿ ಬಿದಿರು! ಅಂದರೆ ಕುರ್ಚಿ ನಕಲಿ.

ಜೂನ್ ತಿಂಗಳು. ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಇಲ್ಲಿನ ಕಾನೂನು. ಇಡೀ ಸಬ್ಹಾನ್ ಮಲಗಿತ್ತು. ಆದರೆ ಗೋದಾಮಿನ ಹಿಂದೆ ಒಂದು ಲಾರಿಯ ಇಂಜಿನ್ ಓಡುತ್ತಿತ್ತು. ಟಾರ್ಪಾಲು ಎತ್ತಿದರೆ ಲಂಡನ್ನಿನ ಆರೂ ಕುರ್ಚಿ ಅಲ್ಲಿದ್ದವು. ಲಾರಿಯ ಕೀ ಕಿತ್ತುಕೊಂಡು ಒಳಗೆ ಬಂದೆ. ಡೋಲ್ಫಿ ಫೋರ್ಕ್‌ಲಿಫ್ಟ್ ಹತ್ತಿ ಕಾಯುತ್ತಿದ್ದ.

ಈಗ ಅವನನ್ನು ಸೀಟಿನಿಂದ ಕೆಳಗೆಳೆದೆ.

"ಎಂತಕ್ಕೆ ಡೋಲ್ಫಿ?"

"ಒಬ್ಬ ಪಾರ್ಟಿ ಕೇಳಿದ. ಬದಲಿಗೆ ಒಳ್ಳೆ ಬಿದಿರಿನದ್ದೇ ಮಾಡಿಸಿ ಇಟ್ಟೆ ಮಾರಾಯ. ನಿನ್ನದು ಬರೀ ಪೇಂಟ್ ಹೊಡೆದ ಮರ. ಯಾರಿಗೆ ಗೊತ್ತಾಗ್ತದೆ ಅಂತ..."

"ಕಫೀಲ್‌ಗೆ ಗೊತ್ತಾಗಿದ್ರೆ?"

ಅವನು ಅಂಗಿಯ ಧೂಳು ಕೊಡವಿಕೊಂಡ.

"ಪೇಪರ್‌ನಲ್ಲಿ ಸೈನ್ ನಿನ್ನದಲ್ವಾ..."

ಫೋರ್ಕ್‌ಲಿಫ್ಟ್ ಇದಕ್ಕಿಂತ ವಾಸಿ. ಅದು ಎದುರಿನಿಂದ ಬಂದಿತ್ತು.

ಪೊಲೀಸರಿಗೆ ಫೋನ್ ಹಚ್ಚಿದೆ. ಡೋಲ್ಫಿ ನನ್ನ ಕೈ ಹಿಡಿದ.

"ಬೇಡ ಎಡ್ವರ್ಡ್. ಶುಕ್ರವಾರ ಚರ್ಚಲ್ಲಿ ರಿಯೋನಾಳ ಕನ್ಫರ್ಮೇಶನ್ ಉಂಟು. ಅವಳ ಹೆಗಲ ಮೇಲೆ ಕೈ ಇಡ್ಲಿಕ್ಕೆ ಗಾಡ್‌ಫಾದರ್ ಬೇಡ್ವಾ?"

"ಬೇಕು."

ಅವನ ಕೈ ಬಿಡಿಸಿದೆ. ಫೋನ್ ರಿಂಗಾಗುತ್ತಿತ್ತು.

ಶುಕ್ರವಾರಕ್ಕೆ ಇನ್ನು ಮೂರೇ ದಿನ. ಹೊಸಬನನ್ನು ಹುಡುಕಬೇಕು. ಈ ಸಲ ಮೊದಲು ತಟ್ಟಿ ನೋಡುತ್ತೇನೆ.