ಗೋಡೆಯೊಳಗಿನ ಪೈಪು

ಏಣಿ ಹತ್ತಿ ಇಳಿದು ಮಲಕಾರಿಯ ಮೊಣಕಾಲು ಸವೆದಿದ್ದವು. ಅವನ ಧಣಿ, ಚಿಕ್ಕೋಡಿಯ ವೈರಿಂಗ್ ಕಂತ್ರಾಟುದಾರ ಶಿವರಾಜ, ನಿನ್ನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುತ್ತೇನೆ ಎಂದು ಪ್ರತಿ ದೀಪಾವಳಿಗೂ ಆಸೆ ಹಚ್ಚಿ, ಕೊನೆಗೆ ಆ ಪಾಲನ್ನು ಅಳಿಯ ವಿಕ್ರಾಂತನಿಗೆ ಕೊಟ್ಟಿದ್ದ. ಟೆಸ್ಟರ್ ಹಿಡಿಯಲೂ ಬಾರದ ಅಳಿಯ! ಮಲಕಾರಿ ಜಗಳಾಡಲಿಲ್ಲ. ಜಗಳಕ್ಕೂ ತ್ರಾಣ ಬೇಕಲ್ಲ. ನಿಪ್ಪಾಣಿ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಬಲ್ಬಿನ ಅಂಗಡಿ, ಕೂರಲು ಒಂದು ಕುರ್ಚಿ, ಅಷ್ಟು ಸಿಕ್ಕರೆ ಅವನಿಗೆ ಸಾಕಿತ್ತು.

ಆಗಲೇ ಮಾಲವಣದ ಸಮುದ್ರ ದಂಡೆಯ ಲಾಡ್ಜಿನ ಕೆಲಸ ಬಂತು.

"ಉಪ್ಪಗಾಳಿಗೆ ಏನ ತಡೀತೈತಿ ಮಲಕಾರಿ?" ಎಂದು ಶಿವರಾಜ ಕೇಳಿದ.

"ಕಬ್ಬಣ ಮುಟ್ಟಬ್ಯಾಡ್ರಿ ಸಾಹುಕಾರ್ರ. ದಪ್ಪನ ಪ್ಲಾಸ್ಟಿಕ್ ಪೈಪ, ಕಲಾಯಿ ಮಾಡಿದ ತಾಮ್ರದ ವೈರ. ತುಟ್ಟಿ ಆಗ್ತಾವ, ಖರೆ ಬಾಳಕಿ ಬರ್ತಾವ."

"ನೀ ಹೇಳಿದ್ಮ್ಯಾಲ ಮುಗೀತ. ತರಸ್ತೇನಿ."

ತರಿಸಿದ ಮಾಲನ್ನು ಮಲಕಾರಿ ರಾಯಬಾಗ, ಅಥಣಿಯ ಅಂಗಡಿಗಳಿಗೆ ಸದ್ದಿಲ್ಲದೆ ಮಾರಿದ. ನಿಪ್ಪಾಣಿಯಲ್ಲಿ ಹಳೆ ತಂಬಾಕು ಗೋದಾಮು ಕೆಡವಿದಾಗ ಗುಜರಿಗೆ ಬಿದ್ದಿದ್ದ ಕಬ್ಬಿಣದ ಪೈಪುಗಳು ಅದರ ಬದಲಿಗೆ ಮಾಲವಣಕ್ಕೆ ಬಂದವು. ಸಮುದ್ರದ ಕೆಲಸ ಹುಡುಗರ ಕೈಗೆ ಕೊಡಬಾರದು ಎಂದು ಮಲಕಾರಿ ಎಲ್ಲ ಪೈಪನ್ನೂ ತಾನೇ ಹೂತ. ಅದನ್ನು ಕೇಳಿ ಶಿವರಾಜ ಹಿಗ್ಗಿದ. ಮಲಕಾರಿಯ ಲೆಕ್ಕವೇ ಬೇರೆ: ಎರಡು ಮೂರು ವರ್ಷಕ್ಕೆ ದೀಪಗಳು ಕೈಕೊಟ್ಟರೆ ಜನ ಬೈಯುವುದು ಸಮುದ್ರವನ್ನು. ಸಮುದ್ರದ ಮೇಲೆ ಕೇಸು ಹಾಕುವವರು ಯಾರು?

ಪೈಪಿನ ಮೇಲೆ ಮೆತ್ತಿದ ಗಿಲಾವು ಬಿರುಕು ಬಿಟ್ಟರೆ ಯಾರಾದರೂ ಕೆದಕಿಯಾರು. ಅದೊಂದೇ ಮಲಕಾರಿಯ ಅಂಜಿಕೆ. ಹಾಗಾಗಿ ಲಾಡ್ಜಿನ ಹಿಂದಿನ ಬಾವಿಗೆ ಪಂಪು ಹಚ್ಚಿ, ಬೆಳಿಗ್ಗೆ ಸಂಜೆ ಮುಂದೆ ನಿಂತು ಗೋಡೆಗಳಿಗೆ ನೀರು ಹೊಡೆಸಿದ. ಸಿಹಿನೀರಿನ ಕೃಷ್ಣೆಯ ದಂಡೆಯ ಜುಗೂಳ ಊರಿನವನು. ಗೋಡೆ ನೀರು ಕುಡಿದಷ್ಟೂ ಗಟ್ಟಿ ಎಂದು ನಂಬಿ ಬೆಳೆದವನು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಇವನ ಮನಸ್ಸು ಹಾಗೂ ಇರಲಿಲ್ಲ, ದಣಿದಿತ್ತು ಅಷ್ಟೆ. ಮಾಲು ಮಾರಿದ ದುಡ್ಡಿನಲ್ಲಿ ಹಿಡಿದ ಬಲ್ಬಿನ ಅಂಗಡಿಯನ್ನು, ಸಾಹುಕಾರರು ಕೊಟ್ಟ ಇನಾಮು ಎಂದು ಹೆಂಡತಿ ಲಗಮವ್ವನಿಗೆ ಹೇಳಿದ್ದ. ಅವಳು ಆಗಲೇ ಕುರ್ಚಿ ಕೊಂಡು ತಂದಿದ್ದಳು.

ಮಳೆಗಾಲ ಕಳೆದು, ಬಿಳಿ ಬಣ್ಣ ಹಚ್ಚಿ ಮುಗಿದ ಮೇಲೆ, ಲಾಡ್ಜಿನ ಉದ್ಘಾಟನೆಯ ದಿನ ಶಿವರಾಜ ಬಂದ. ಕಾರಿನಿಂದ ಇಳಿದವನೇ ಹಿಂದಿನ ಪಂಪಿನ ನೀರಲ್ಲಿ ಮುಖ ತೊಳೆದು, ಬಾಯಿ ಮುಕ್ಕಳಿಸಿ, ಥೂ ಎಂದು ಉಗಿದ. "ಏ ಮಲಕಾರಿ, ಬರೇ ಉಪ್ಪ ಐತಲ್ಲೋ! ಗ್ವಾಡಿಗೆ ಇದನ್ನ ಹೊಡಿಸೀಯೇನ?" ಇಲ್ಲಿರುವಷ್ಟು ದಿನವೂ ಮಲಕಾರಿ ಕುಡಿದದ್ದು ಕ್ಯಾನಿನ ನೀರು. ಈ ಬಾವಿಯ ನೀರನ್ನು ಒಮ್ಮೆಯೂ ನಾಲಗೆಗೆ ಹಚ್ಚಿ ನೋಡಿರಲಿಲ್ಲ. ಒಳಗೆ ಹೋದರು. ಬಿಳಿ ಗೋಡೆಗಳ ಮೇಲೆ, ಸ್ವಿಚ್ಚಿನಿಂದ ಛಾವಣಿಯವರೆಗೆ, ಪೈಪು ಹೋದ ದಾರಿಗುಂಟ ತುಕ್ಕಿನ ಬಣ್ಣದ ಗೆರೆಗಳು ಮೂಡಿದ್ದವು. ಶಿವರಾಜ ಒಂದು ಗೆರೆಯನ್ನು ಬೆರಳಿನಿಂದ ಉಜ್ಜಿ, ಆ ಬೆರಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಪ್ಲಾಸ್ಟಿಕ್ಕಿಗೆ ಯಾವಾಗಿಂದ ಜಂಗ ಹಿಡ್ಯಾಕತ್ತೇತೋ, ಮಲಕಾರಿ?"