ಹಿತ್ತಿಲು ಕೇಳಿದ ಅಳತೆ

“ಶೆಡ್ಡು ಕಟ್ಟೋದಕ್ಕೆ ನನ್ನ ತಕರಾರಿಲ್ಲಪ್ಪ. ಆ ನೆಲಾನ ಮೈಯಿಂದ ಮಾತ್ರ ಅಳೀಬೇಡ. ಗೇಣು, ಮೊಳ, ಹೆಜ್ಜೆ, ಯಾವುದೂ ಬೇಡ. ಅಳತೆಗೆ ಏನು ಕೊಡ್ತೀಯೋ ಅದನ್ನ ಅದು ಇಟ್ಕೊಳ್ಳುತ್ತೆ.”

ಹೀಗೆ ಹೇಳುವಾಗ ಪಕ್ಕದ ಮನೆಯ ಅಜ್ಜಿ ಕಾಂಪೌಂಡ್ ಗೋಡೆಯಿಂದ ಒಂದು ಮಾರು ಹಿಂದೆಯೇ ನಿಂತಿದ್ದಳು. ಅಣ್ಣತಮ್ಮಂದಿರ ಜಗಳದಲ್ಲಿ ತಮ್ಮನಿಗೆ ಪಾಲು ಹೋಗಬಾರದೆಂದು ಅಣ್ಣನಾದವನು ಮಾಟಗಾರನನ್ನು ಕರೆಸಿ ಆ ಹಿತ್ತಿಲಲ್ಲಿ ಏನನ್ನೋ ಹೂಳಿಸಿದ್ದನಂತೆ. ತಮ್ಮ ಹಟಕ್ಕೆ ಬಿದ್ದು ಗೇಣು ಹಾಕಿ ಅಳೆದ. ಅವನ ಬಲಗೈ ಬಿಸಿಲಿಗಿಟ್ಟ ಬದನೆಕಾಯಿಯ ಹಾಗೆ ಬತ್ತಿಹೋಯಿತು. ಆ ತಮ್ಮ ಈ ಅಜ್ಜಿಯ ಗಂಡ.

“ಹಾಗಿದ್ರೆ ಟೇಪಲ್ಲಿ ಅಳೀತೀನಿ ಬಿಡಜ್ಜಿ. ಬತ್ತೋದಿದ್ರೆ ಟೇಪೇ ಬತ್ತಲಿ,” ಎಂದು ಮಂಚದವನು ನಕ್ಕುಬಿಟ್ಟ.

ಅವನು ಬೀದಿಗೆ ಹೊಸಬ. ಮಂಚ ಮಾಡುವ ಬಡಗಿಯಾದ್ದರಿಂದ ಎಲ್ಲರ ಬಾಯಲ್ಲೂ ಮಂಚದವನೇ ಆಗಿದ್ದ. ಅವನ ತಲೆಯಲ್ಲಿ ಮಾಟಕ್ಕೆ ಜಾಗವಿರಲಿಲ್ಲ, ಶೆಡ್ಡೇ ತುಂಬಿತ್ತು. ಮನೆಯ ಮುಂದಿನ ಕೋಣೆಯಲ್ಲೇ ಗರಗಸ, ಅಲ್ಲೇ ಉಜ್ಜುಗೊರಡು, ಅಲ್ಲೇ ಮರದ ಹೊಟ್ಟು. ಆ ಹೊಟ್ಟು ಮಗಳ ಎದೆಗಿಳಿದು ಕೂತಿತ್ತು. ಸಣಕಲು ಮೈಯ ಆ ಹುಡುಗಿಯನ್ನು ಮನೆಯಲ್ಲಿ ಕಡ್ಡಿ ಎಂದೇ ಕರೆಯುತ್ತಿದ್ದರು. ಉಬ್ಬಸ ಬಂದಾಗ ಅವಳ ಎದೆ ತೂತುಬಿದ್ದ ತಿದಿಯಂತೆ ಸದ್ದು ಮಾಡುತ್ತಿತ್ತು. ಕೆಲಸ ಮನೆಯಿಂದ ಆಚೆ ಹೋಗದಿದ್ದರೆ ಈ ಚಳಿಗಾಲವನ್ನು ಮಗು ದಾಟುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಆದರೆ ಸ್ವಂತ ಹಿತ್ತಿಲಲ್ಲಿ ನಾಲ್ಕು ತಗಡು ನಿಲ್ಲಿಸುವುದಕ್ಕೂ ದೊಡ್ಡವರ ಅಪ್ಪಣೆ ಬೇಕು. ನಗರಸಭೆಯಲ್ಲಿ ಇವತ್ತು ಬಾ, ನಾಳೆ ಬಾ. ನಕ್ಷೆ ಸರಿಯಿಲ್ಲ, ಗೋಡೆಯಿಂದ ದೂರ ಬಿಟ್ಟಿಲ್ಲ, ಸಾಹೇಬರು ಊಟಕ್ಕೆ ಹೋಗಿದ್ದಾರೆ. ಕೆರೆ ನುಂಗಿದ ಕಟ್ಟಡಗಳ ಮುಂದೆ ಕಣ್ಣು ಮುಚ್ಚಿಕೊಂಡು ಓಡಾಡುವ ಜನ ಬಡಗಿಯೊಬ್ಬನ ಶೆಡ್ಡಿಗೆ ಭೂತಗನ್ನಡಿ ಹಿಡಿದಿದ್ದರು. ಚಪ್ಪಲಿ ಸವೆದು ಸಾಕಾದ ಮೇಲೆ ಸಾಹೇಬರ ಬಾಯಿಂದ ಒಂದು ಮಾತು ಉದುರಿತು.

“ಗೂಟ ಹೊಡೆದು ದಾರ ಕಟ್ಟಿಡು. ಸಂಜೆ ಆ ಕಡೆ ಬರ್ತೀನಿ. ಗುರುತು ಕಾಣದಿದ್ರೆ ಮುಂದಿನ ವರ್ಷ ನೋಡೋಣ.”

ಮುಂದಿನ ವರ್ಷ ಅಂತೆ. ಅವರಿಗೇನು, ವರ್ಷಗಳು ಅವರಪ್ಪನ ಮನೆಯ ಆಸ್ತಿ.

ಅಂದು ಮಧ್ಯಾಹ್ನ ಮಂಚದವನು ಹಿತ್ತಿಲಿಗೆ ಇಳಿದ. ಟೇಪಿನ ತುದಿ ನೆಲಕ್ಕೆ ತಾಗಿದ್ದೇ ತಡ, ಕಚ್ಚಿಕೊಂಡು ನಿಂತಿತು. ಎಳೆದ. ಪಟ್ಟೆಂದು ತುಂಡಾಯಿತು. ಬೆಳಿಗ್ಗೆ ತಳತಳ ಅನ್ನುತ್ತಿದ್ದ ಪಟ್ಟಿಗೆ ಆಗಲೇ ತುಕ್ಕು ಹತ್ತಿತ್ತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. “ಕಳಪೆ ಮಾಲು,” ಎಂದು ಅಂಗಡಿಯವನ ವಂಶವನ್ನೇ ಜಾಲಾಡಿದ.

“ಅಪ್ಪಾ, ನನ್ನನ್ನೇ ಇಟ್ಟು ಅಳೆ,” ಎಂದು ಹಿಂದೆಯೇ ಬಂದಿದ್ದ ಕಡ್ಡಿ ನೆಲದ ಮೇಲೆ ಮಲಗೇಬಿಟ್ಟಳು.

ಅಜ್ಜಿಯ ಮಾತು ನೆನಪಾಗದೆ ಇರಲಿಲ್ಲ. ನೆನಪಾದದ್ದಕ್ಕೇ ಸಿಟ್ಟು ನೆತ್ತಿಗೇರಿತು. ಕಚೇರಿಯವರೂ ಬೇಡ ಅನ್ನಬೇಕು, ಗೋಡೆಯಾಚೆಯ ಮುದುಕಿಯೂ ಬೇಡ ಅನ್ನಬೇಕು. ಮಂಚದ ಮೇಲೆ ಮಲಗುವವರನ್ನೇ ಅಳತೆಗೋಲು ಮಾಡಿಕೊಳ್ಳುವುದು ಅವನ ಕಸುಬಿನ ರೂಢಿ. ಮೊನ್ನೆಯಷ್ಟೇ ಮಗಳಿಗೊಂದು ಮಂಚ ಮಾಡಿದ್ದರಿಂದ ಅವಳ ಉದ್ದ ಅವನಿಗೆ ಬಾಯಿಪಾಠ. ಅಂಗಾಲಿಗೊಂದು ಗೂಟ, ನೆತ್ತಿಗೊಂದು ಗೂಟ.

“ಅಲ್ಲಾಡಬೇಡ್ವೇ. ನೀನೀಗ ಹಲಗೆ.”

“ಹಲಗೆ ಮಾತಾಡುತ್ತಾ ಅಪ್ಪಾ?”

“ನಮ್ಮ ಮನೇಲಿ ಹಲಗೆನೂ ಬಾಯಿ ಮಾಡುತ್ತೆ.”

ಗಟ್ಟಿ ನೆಲ. ಆದರೂ ಗೂಟಗಳು ಬೆಣ್ಣೆಗೆ ಚುಚ್ಚಿದಂತೆ ಇಳಿದವು. ಸುತ್ತಿಗೆ ಬಿದ್ದ ಸದ್ದು ಕೂಡ ಬರಲಿಲ್ಲ. ಕಡ್ಡಿ ಎದ್ದು ಲಂಗ ಕೊಡವಿಕೊಂಡು ಒಳಗೆ ಹೋದಳು. ಅವಳು ಮಲಗಿದ್ದ ಜಾಗದ ಹುಲ್ಲು ಮಾತ್ರ ಮೇಲೇಳಲಿಲ್ಲ. ಅವಳಿನ್ನೂ ಅಲ್ಲೇ ಮಲಗಿರುವಂತೆ ತಗ್ಗು ಉಳಿದಿತ್ತು.

ಅದೇ ಉದ್ದವನ್ನು ದಾರದಲ್ಲಿ ಹಿಡಿದು ಶೆಡ್ಡಿನ ಉಳಿದ ಮೂಲೆಗಳಿಗೂ ಗೂಟ ಹೊಡೆದು, ಸುತ್ತ ದಾರ ಬಿಗಿದು ಮುಗಿಸುವಷ್ಟರಲ್ಲಿ ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಅವಳು ಕಿರುಚಲಿಲ್ಲ. ಅದೇ ಅವನನ್ನು ಹೆದರಿಸಿತು.

“ರೀ, ಮಗು ಬಾಯಿಂದ ಮಣ್ಣಿನ ವಾಸನೆ ಬರ್ತಿದೆ.”

ಕಡ್ಡಿ ತನ್ನ ಹೊಸ ಮಂಚದ ಮೇಲೆ ನೆಟ್ಟಗೆ ಮಲಗಿದ್ದಳು. ಉಬ್ಬಸದ ಸದ್ದಿಲ್ಲ. ಕೆಮ್ಮಿಲ್ಲ. ಮುಟ್ಟಿದರೆ ಬಾವಿಯ ಕಲ್ಲಿನಷ್ಟು ತಣ್ಣಗಿದ್ದಳು. ತುಟಿಯ ಸಂದಿಯಲ್ಲಿ ಕರಿಮಣ್ಣು ಜಿನುಗಿತ್ತು. “ಭಾರ ಅಪ್ಪಾ,” ಎಂದಳು. “ಮೇಲಿಂದ ಯಾರೋ ಸುರೀತಿದಾರೆ.”

ಅವನು ಹಿತ್ತಿಲಿಗೆ ಓಡಿದ. ಗೂಟ ಹಿಡಿದು ಎಳೆದ. ಬರಲಿಲ್ಲ. ಹಾರೆ ಹಾಕಿ ಮೀಟಿದ. ಹಾರೆ ಬಾಗಿತು. ಬಿಗಿದ ದಾರ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು, ಯಾರೋ ಉಸಿರಾಡುವಂತೆ. ಯಾರೋ ಅಲ್ಲ. ಆ ತೊದಲು ಉಸಿರು ಅವನಿಗೆ ಗುರುತಿತ್ತು.

“ಏನಯ್ಯಾ, ಹೊಡೆದ ಗೂಟ ಕೀಳ್ತಿದೀಯಲ್ಲ?” ಸಾಹೇಬರು ಹಿತ್ತಿಲ ಗೇಟಿನ ಹತ್ತಿರ ಸ್ಕೂಟರಿನ ಮೇಲೇ ಕೂತಿದ್ದರು. “ಚೆನ್ನಾಗೇ ಗುರುತು ಮಾಡಿದೀಯ. ಮಂಜೂರು ಮಾಡಿದೀನಿ. ಕಟ್ಕೋ ಹೋಗು.”

ಹೇಳಿದ ಹೊತ್ತಿಗೆ ಸರಿಯಾಗಿ ಬಂದ ಅಧಿಕಾರಿಯನ್ನು ಅವನು ನೋಡಿದ್ದು ಅದೇ ಮೊದಲು. ಸ್ಕೂಟರ್ ಹೊರಟುಹೋಯಿತು. ಮಂಚದವನು ಗೋಡೆಗೆ ಬಿದ್ದು ಕೂಗಿದ.

“ಅಜ್ಜೀ, ನಿನ್ನ ಕಾಲಿಗೆ ಬೀಳ್ತೀನಿ. ನಾನು ಮುಟ್ಠಾಳ. ದಾರಿ ಹೇಳು.”

ಅಜ್ಜಿ ದಾರದ ಕಡೆ ನೋಡಿದಳು. ಸೆರಗು ಬಾಯಿಗೆ ಹೋಯಿತು.

“ಮಗೂನ ಇಟ್ಯಾ?” ಎಂದಳು. ಆಮೇಲೆ, “ಗೂಟ ಕಿತ್ರೆ ಬಿಡೋದಲ್ಲ ಅದು. ಆ ಉದ್ದಕ್ಕೆ ಇನ್ನೊಂದು ಮೈ ಸಿಗಬೇಕು. ತಾನಾಗೇ ಹೋಗಿ ಮಲಗಿದ ಮೈ. ಬಿಟ್ಟ ಮೇಲೂ ಮಗು ಆ ದಾರದೊಳಗೆ ಕಾಲಿಡಕೂಡದು. ರುಚಿ ಕಂಡಿದೆ. ಇನ್ನೊಂದು ಸಲ ಬಿಡಲ್ಲ.”

ಅವನು ಹಿತ್ತಿಲ ಕಡೆ ತಿರುಗಿದ. ಮಗಳ ಉದ್ದ ಎಂದರೆ ಅವನ ಸೊಂಟದುದ್ದ. ಇಡೀ ಮೈ ಹಿಡಿಸುವುದಿಲ್ಲ. ತಲೆಯ ಕಡೆಯಿಂದಲೋ, ಕಾಲಿನ ಕಡೆಯಿಂದಲೋ? ತಲೆ ಕೊಟ್ಟರೆ ಕೈಯೂ ಹೋಗುತ್ತದೆ. ಕೈ ಹೋದರೆ ಮನೆ ಮಂದಿ ಮಣ್ಣು ತಿನ್ನಬೇಕು. ಊರಿನ ಜನರನ್ನೆಲ್ಲ ಅಳೆದ ಬಡಗಿ ಆಗ ತನ್ನನ್ನು ಅಳೆದುಕೊಂಡ.

ಬೆಳಕು ಆರುತ್ತಿತ್ತು. ದಾರ ದಾಟಿದ. ಹಿಮ್ಮಡಿಯನ್ನು ಗೂಟಕ್ಕೆ ತಾಗಿಸಿ ಮಲಗಿದ. ಸೊಂಟದ ಬಳಿ ಇನ್ನೊಂದು ಗೂಟ. “ತಗೋ,” ಎಂದ.

ನೆಲ ತಣ್ಣಗೆ ನೆಕ್ಕಿತು. ಮೊದಲು ಬೆರಳು. ಆಮೇಲೆ ಪಾದ. ಕಣಕಾಲು. ಮೊಣಕಾಲಿನ ಚಿಪ್ಪಿನೊಳಗೆ ಏನೋ ಸಣ್ಣಗೆ ಕೊರೆಯಿತು. ನೋವಿಲ್ಲ. ನೋವಿದ್ದರೆ ಚೆನ್ನಾಗಿತ್ತು. ತೊಡೆ. ಸೊಂಟ. ಅಲ್ಲಿಗೆ ನಿಂತಿತು. ದಾರದ ಏರಿಳಿತವೂ ನಿಂತಿತು. ಅವನು ಉಸಿರು ಬಿಗಿಹಿಡಿದು ಕಿವಿಗೊಟ್ಟ.

ಒಳಗಿನಿಂದ ಕೆಮ್ಮು. ಮತ್ತೊಂದು ಕೆಮ್ಮು. ಆಮೇಲೆ ಆ ತೂತು ತಿದಿಯ ಸದ್ದು. ಅಷ್ಟು ಚೆಂದದ ಸದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಗುತ್ತ ಏಳಲು ಹೋದ. ಸೊಂಟದ ಕೆಳಗೆ ಯಾರೂ ಇರಲಿಲ್ಲ. ಕಾಲುಗಳು ಕಾಣುತ್ತಿದ್ದವು, ಎರಡೂ ಇದ್ದವು. ಬೇರೆ ಯಾರದೋ ಕಾಲುಗಳನ್ನು ತಂದು ಪಕ್ಕದಲ್ಲಿ ಮಲಗಿಸಿದಂತಿತ್ತು. ಮೊಣಕೈ ಊರಿದ. ಒಂದಿಂಚೂ ಸರಿಯಲಿಲ್ಲ.

ಹಿತ್ತಿಲ ಬಾಗಿಲು ತೆರೆಯಿತು.

“ಅಪ್ಪಾ!”

ಕಡ್ಡಿ ಬರಿಗಾಲಲ್ಲಿ ಓಡಿಬರುತ್ತಿದ್ದಳು. ಕೈ ಚಾಚಿಕೊಂಡು, ನೇರ ದಾರದ ಕಡೆಗೆ. ಹೆಂಡತಿ ಇನ್ನೂ ಹೊಸ್ತಿಲು ದಾಟಿರಲಿಲ್ಲ.

“ಬರಬೇಡ. ಅಲ್ಲೇ ನಿಲ್ಲು. ಬರಬೇಡ್ವೇ ನೀನು.”

ಅವಳು ನಿಲ್ಲಲಿಲ್ಲ. ಅಪ್ಪ ಬಿದ್ದಿದ್ದಾನೆ ಎಂದಷ್ಟೇ ಅವಳಿಗೆ ಗೊತ್ತು. ಎತ್ತಲು ಬರುತ್ತಿದ್ದಾಳೆ. ಅವನ ಕೈಗೆ ಒಂದು ಮಣ್ಣಿನ ಹೆಂಟೆ ಸಿಕ್ಕಿತು. ಬೀಸಿ ಎಸೆದ. ಅದು ಅವಳ ಭುಜಕ್ಕೆ ಬಡಿದು ಪುಡಿಯಾಯಿತು. ಇನ್ನೊಂದು ಎಸೆದ. ಅದು ಹಣೆಗೆ. “ಹಾಳಾಗಿ ಹೋಗು ಒಳಗೆ,” ಎಂದು ಗಂಟಲು ಹರಿಯುವಂತೆ ಬೈದ. ಹುಟ್ಟಿದಾಗಿನಿಂದ ಬೈಯದ ಬೈಗುಳವನ್ನೆಲ್ಲ ಬೈದ.

ಕಡ್ಡಿ ದಾರಕ್ಕೆ ಒಂದು ಹೆಜ್ಜೆ ಮೊದಲೇ ನಿಂತುಬಿಟ್ಟಳು. ಹಣೆ ಮುಟ್ಟಿ ನೋಡಿಕೊಂಡಳು. ಬೆರಳಿಗೆ ರಕ್ತ ಹತ್ತಿತು. ಹೆಂಡತಿ ಓಡಿಬಂದು ಅವಳನ್ನು ಬಾಚಿಕೊಂಡಳು. ಅಮ್ಮನ ಹೆಗಲ ಮೇಲಿಂದ ಆ ಹುಡುಗಿ ಅಪ್ಪನನ್ನು ನೋಡಿದಳು, ಬೀದಿಯಲ್ಲಿ ಕಲ್ಲೆಸೆಯುವ ಹುಚ್ಚನನ್ನು ಮಕ್ಕಳು ನೋಡುವ ಹಾಗೆ.

ಅವನು ಇನ್ನೊಂದು ಹೆಂಟೆಯನ್ನು ಹಿಡಿದೇ ಇದ್ದ, ಬಾಗಿಲು ಮುಚ್ಚಿಕೊಳ್ಳುವವರೆಗೂ.